ಹೊಲದ ಮಣ್ಣು ಕುಂಡದಲ್ಲಿ ಸೋಲುವುದೇಕೆ

ಬೆಂಗಳೂರಿನಲ್ಲಿ ಮನೆ ಮಾಡಿದ ಹೊಸತರಲ್ಲಿ ಊರಿನಿಂದ ಒಂದು ಗೋಣಿಚೀಲ ಮಣ್ಣು ತಂದಿದ್ದೆ. ತುಮಕೂರು ಸೀಮೆಯ ಕೆಮ್ಮಣ್ಣು. ರಾಗಿ, ಅವರೆ, ಹುಚ್ಚೆಳ್ಳು ಎಲ್ಲವನ್ನೂ ಬೆಳೆದ ಹೊಲದ್ದು. ಲಗೇಜಿನ ಟಿಕೆಟ್ ಹರಿಯುತ್ತ ಕಂಡಕ್ಟರ್ ‘ಬೆಂಗಳೂರಿನಲ್ಲಿ ಮಣ್ಣಿಗೂ ಬರವೇ ಸಾರ್’ ಎಂದು ಕೇಳಿದ್ದರು. ಆ ಮಣ್ಣನ್ನು ಕುಂಡಗಳಿಗೆ ತುಂಬಿ ಮಲ್ಲಿಗೆ, ಕರಿಬೇವು, ಟೊಮೆಟೊ ನೆಟ್ಟೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಕುಂಡದ ಮಣ್ಣು ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯಂತಾಗಿತ್ತು. ನೀರು ಹಾಕಿದರೆ ಅಂಚಿನ ಬಿರುಕಿನಲ್ಲಿ ಸರ್ರನೆ ಇಳಿದು ತಳದಿಂದ ಹೊರಗೆ ಬರುತ್ತಿತ್ತು. ಕುಂಡ ತುಂಬ ನೀರು ಕುಡಿಯಿತು ಎಂದು ನಾನು ತಿಳಿಯುತ್ತಿದ್ದೆ. ನಡುವಿನ ಬೇರಿಗೆ ಹನಿಯೂ ತಲುಪಿರಲಿಲ್ಲ. ಮಳೆಗಾಲ ಬಂದಾಗ ಕಥೆ ತಿರುಗುಮುರುಗಾಯಿತು. ಅದೇ ಮಣ್ಣು ವಾರಗಟ್ಟಲೆ ಕೆಸರಾಗಿಯೇ ಉಳಿಯಿತು, ಕರಿಬೇವು ಎಲೆ ಉದುರಿಸಿ ಸತ್ತಿತು. ಅಮ್ಮ ಫೋನಿನಲ್ಲಿ ‘ಗೊಬ್ಬರ ಸಾಲದಾಗಿದೆ’ ಎಂದರು. ಗೊಬ್ಬರ ಹಾಕಿದೆ. ಮಲ್ಲಿಗೆಯೂ ಹೋಯಿತು.

ಊರಿನಲ್ಲಿ ಅದೇ ಮಣ್ಣು ಆ ವರ್ಷವೂ ಒಳ್ಳೆಯ ರಾಗಿ ಕೊಟ್ಟಿತ್ತು.

ಮಣ್ಣು ಎಂದ ಕೂಡಲೇ ನಮ್ಮ ತಲೆಗೆ ಮೊದಲು ಬರುವುದು ಸಾರ, ಅಂದರೆ ಗೊಬ್ಬರ. ಕುಂಡದ ಗಿಡದ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆ ಗಾಳಿ. ಬೇರು ಹಗಲೂ ಇರುಳೂ ಉಸಿರಾಡುತ್ತದೆ, ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿಕೊಂಡರೆ ಆಮ್ಲಜನಕ ಬೇರಿನತ್ತ ಸರಿಯುವ ವೇಗ ಸುಮಾರು 10,000 ಪಟ್ಟು ಇಳಿದುಬಿಡುತ್ತದೆ. ಉಸಿರು ಕಟ್ಟಿದ ಬೇರಿಗೆ ನೀರನ್ನು ಹೀರಲೂ ಶಕ್ತಿ ಇರುವುದಿಲ್ಲ. ಹಾಗಾಗಿ ನೀರಿನಲ್ಲೇ ನಿಂತಿರುವ ಗಿಡ ಬಾಯಾರಿದ ಗಿಡದಂತೆ ಬಾಡುತ್ತದೆ. ಬಾಡಿದ್ದನ್ನು ಕಂಡು ನಾವು ಇನ್ನೊಂದು ಚೊಂಬು ಸುರಿಯುತ್ತೇವೆ. ಪಿಥಿಯಂ, ಫೈಟಾಫ್ತೊರದಂಥ ಕೊಳೆರೋಗದ ಜೀವಿಗಳು ಕಾಯುವುದು ಇದಕ್ಕೇ. ಮನೆಯ ಕುಂಡಗಳಲ್ಲಿ ಹಸಿವಿನಿಂದ ಸಾಯುವ ಗಿಡಗಳಿಗಿಂತ ಹೀಗೆ ಉಸಿರುಗಟ್ಟಿ ಸಾಯುವ ಗಿಡಗಳೇ ಹೆಚ್ಚು ಎನ್ನುವುದು ನನ್ನ ಅನುಭವ.

ಹಾಗಾದರೆ ಹೊಲದಲ್ಲಿ ಈ ತೊಂದರೆ ಏಕಿಲ್ಲ? ಹೊಲಕ್ಕೆ ತಳವಿಲ್ಲ. ಬಿದ್ದ ನೀರನ್ನು ಕೆಳಗಿನ ಮಣ್ಣು ಎಳೆಯುತ್ತದೆ, ಅದನ್ನು ಅದರ ಕೆಳಗಿನದು ಎಳೆಯುತ್ತದೆ. ಎರೆಹುಳು, ಗೆದ್ದಲು, ಸತ್ತ ಬೇರುಗಳು ಬಿಟ್ಟುಹೋದ ಕೊಳವೆಗಳಲ್ಲಿ ಗಾಳಿ ಓಡಾಡುತ್ತಿರುತ್ತದೆ. ಕುಂಡದಲ್ಲಿ ಒಂದು ಅಡಿ ಇಳಿದ ನೀರಿಗೆ ಮುಂದೆ ಎಳೆಯುವವರೇ ಇಲ್ಲ. ತಳದ ತೂತು ತೆರೆದಿದ್ದರೂ ಅದು ಹೊರಗೆ ಹೋಗದೆ ಕಣಗಳಿಗೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ. ಪ್ರತಿಯೊಂದು ಕುಂಡದ ತಳದಲ್ಲೂ ಹೀಗೆ ಪೂರ್ತಿ ತೊಯ್ದ ಒಂದು ಪದರ ಇದ್ದೇ ಇರುತ್ತದೆ.

ನಂಬಿಕೆ ಬಾರದಿದ್ದರೆ ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ, ಅಡ್ಡಲಾಗಿ ಅಂಗೈ ಮೇಲೆ ಹಿಡಿಯಿರಿ. ಸ್ವಲ್ಪ ನೀರು ಸುರಿದು ನಿಲ್ಲುತ್ತದೆ. ಈಗ ಹಿಂಡದೆ, ಅದನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರ ಮಾತ್ರ ಬದಲಾಯಿತು. ತೊಯ್ದ ಪದರ ಎಷ್ಟು ದಪ್ಪ ಎಂಬುದು ಮಣ್ಣಿನ ಕಣಗಳ ಗಾತ್ರಕ್ಕೆ ಬಿಟ್ಟದ್ದು, ಕುಂಡದ ಎತ್ತರಕ್ಕಲ್ಲ. ನಿಮ್ಮ ಮಿಶ್ರಣದಲ್ಲಿ ಅದು ಎರಡು ಅಂಗುಲ ಎಂದುಕೊಳ್ಳಿ. 12 ಅಂಗುಲದ ಕುಂಡದಲ್ಲಿ ಅದು ಆರನೆಯ ಒಂದು ಪಾಲು, ಗಿಡ ತಲೆಕೆಡಿಸಿಕೊಳ್ಳುವುದಿಲ್ಲ. 4 ಅಂಗುಲದ ಟ್ರೇಯಲ್ಲಿ ಅದೇ ಅರ್ಧ ಪಾಲು. ಕುಂಡ ಗಿಡ್ಡವಾದಷ್ಟೂ ಮಣ್ಣು ಒರಟಾಗಿರಬೇಕು ಎನ್ನುವುದು ಇಲ್ಲಿಂದ ಬಂದ ಮಾತು.

ಇದೇ ಲೆಕ್ಕ ಇನ್ನೊಂದು ಹಳೆಯ ನಂಬಿಕೆಯನ್ನೂ ಕೆಡವುತ್ತದೆ. ನೀರು ಸರಾಗವಾಗಿ ಇಳಿಯಲಿ ಎಂದು ಕುಂಡದ ತಳಕ್ಕೆ ಎರಡು ಅಂಗುಲ ಜಲ್ಲಿ, ಹೆಂಚಿನ ಚೂರು ಹಾಕುವುದನ್ನು ನಾವೆಲ್ಲ ಕಲಿತಿದ್ದೇವೆ. ಸಣ್ಣ ಸಂದುಗಳಲ್ಲಿ ಹಿಡಿದುಕೊಂಡ ನೀರು ದೊಡ್ಡ ಸಂದುಗಳಿರುವ ಜಲ್ಲಿಗೆ ತಾನಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ತೊಯ್ದು ತೊಟ್ಟಿಕ್ಕುವ ತನಕ ಅದು ಗಡಿಯಲ್ಲೇ ಕಾಯುತ್ತದೆ. ಅಲ್ಲಿಗೆ ತೊಯ್ದ ಪದರ ತಳದಿಂದ ಎರಡು ಅಂಗುಲ ಮೇಲಕ್ಕೆ, ಬೇರಿನ ಬಾಯಿಗೇ ಬಂತು. ಕುಂಡದಲ್ಲಿ ಗಿಡಕ್ಕಿದ್ದ ಜಾಗವೂ ಎರಡು ಅಂಗುಲ ಕಡಿಮೆಯಾಯಿತು. ತೂತಿನಿಂದ ಮಣ್ಣು ಸೋರದಂತೆ ಒಂದು ಹೆಂಚಿನ ಚೂರನ್ನೋ ಸೊಳ್ಳೆಪರದೆಯ ತುಂಡನ್ನೋ ಇಟ್ಟರೆ ಸಾಕು. ಜಲ್ಲಿ ಇದ್ದರೆ ಅದನ್ನು ಮಣ್ಣಿನಲ್ಲಿ ಕಲೆಸಿ, ಅಡಿಯಲ್ಲಿ ಹಾಸಬೇಡಿ.

ಕುಂಡಕ್ಕೆ ಬೇರೆಯದೇ ಮಣ್ಣು ಬೇಕು ಎನ್ನುವುದು ತೋಟಗಾರರಿಗೆ ಮೊದಲಿನಿಂದಲೂ ಗೊತ್ತಿತ್ತು. ಒಬ್ಬೊಬ್ಬರದೂ ಒಂದೊಂದು ಗುಟ್ಟಿನ ಪಾಕ. ಇಂಗ್ಲೆಂಡಿನ ಜಾನ್ ಇನ್ನೆಸ್ ತೋಟಗಾರಿಕಾ ಸಂಸ್ಥೆಯಲ್ಲಿ 1930ರ ದಶಕದಲ್ಲಿ ಪ್ರಯೋಗದ ಸಸಿಗಳು ಮೇಲಿಂದ ಮೇಲೆ ಸಾಯತೊಡಗಿದಾಗ ಲಾರೆನ್ಸ್ ಮತ್ತು ನೆವೆಲ್ ಎಂಬಿಬ್ಬರು ಈ ಪಾಕಗಳನ್ನೆಲ್ಲ ಪರೀಕ್ಷೆಗೆ ಒಡ್ಡಿ, ಕೊನೆಗೆ ಏಳು ಪಾಲು ಗೋಡುಮಣ್ಣು (ಮರಳು, ಗೋಡು, ಜೇಡಿ ಹದವಾಗಿ ಬೆರೆತದ್ದು), ಮೂರು ಪಾಲು ಪೀಟ್, ಎರಡು ಪಾಲು ಒರಟು ಮರಳು ಎಂಬ ಅಳತೆಗೆ ಬಂದರು. ಪೀಟ್ ಎಂದರೆ ಚಳಿನಾಡಿನ ಜವುಗಿನಲ್ಲಿ ಸಾವಿರಾರು ವರ್ಷ ಅರೆಕೊಳೆತು ಕೂತ ಪಾಚಿ. ನಮ್ಮಲ್ಲಿ ಅದರ ಜಾಗವನ್ನು ತೆಂಗಿನ ನಾರಿನ ಪುಡಿ ಹಿಡಿದಿದೆ. ತಿಪಟೂರು, ಅರಸೀಕೆರೆ ಕಡೆ ನಾರು ತೆಗೆದ ಮೇಲೆ ಗುಡ್ಡವಾಗಿ ಬಿದ್ದಿರುತ್ತಿದ್ದ ಆ ಕಂದು ಪುಡಿಯೇ ಈಗ ಕೊಕೊಪೀಟ್ ಎಂಬ ಹೆಸರಿನಲ್ಲಿ ಇಟ್ಟಿಗೆಯಾಗಿ ಮಾರಾಟವಾಗುತ್ತಿದೆ.

ಕೈಯಲ್ಲಿರುವ ಮಣ್ಣು ಯಾವುದು?

ಮಿಶ್ರಣ ಮಾಡುವ ಮೊದಲು ಇರುವ ಮಣ್ಣನ್ನು ತಿಳಿಯಬೇಕು. ಗಾಜಿನ ಉಪ್ಪಿನಕಾಯಿ ಬಾಟಲಿಯ ಮೂರನೆಯ ಒಂದು ಭಾಗ ಮಣ್ಣು ಹಾಕಿ, ಉಳಿದಷ್ಟು ನೀರು ತುಂಬಿ, ಚಿಟಿಕೆ ಬಟ್ಟೆ ಸೋಪಿನ ಪುಡಿ ಹಾಕಿ ಐದು ನಿಮಿಷ ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಒಂದೆರಡು ನಿಮಿಷದಲ್ಲಿ ಮರಳು ತಳ ಸೇರುತ್ತದೆ, ಕೆಲವು ಗಂಟೆಗಳಲ್ಲಿ ಅದರ ಮೇಲೆ ನುಣುಪಾದ ಗೋಡು ಕೂರುತ್ತದೆ. ಜೇಡಿ ಒಂದು ದಿನವಾದರೂ ಕೂರದೆ ನೀರನ್ನು ಕೆಂಪಾಗಿಯೇ ಇಡಬಹುದು. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದು. ಅದರ ಪದರ ಮೂರನೆಯ ಒಂದು ಪಾಲಿಗಿಂತ ದಪ್ಪವಿದ್ದರೆ ಆ ಮಣ್ಣು ಕುಂಡದಲ್ಲಿ ಒಂಟಿಯಾಗಿ ಬಾಳುವುದಿಲ್ಲ.

ಬೆಂಗಳೂರು, ಕೋಲಾರ, ತುಮಕೂರಿನ ಕೆಮ್ಮಣ್ಣಿಗೆ ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಇದರ ಜೇಡಿ ಅಷ್ಟಾಗಿ ಉಬ್ಬುವುದಿಲ್ಲ, ಆದರೆ ನೀರು ಬಿದ್ದು ಒಣಗಿದರೆ ಗಟ್ಟಿಯಾಗುತ್ತದೆ. ಮೂರರಲ್ಲಿ ಒಂದು ಪಾಲಿನಂತೆ ಬಳಸಿದರೆ ಒಳ್ಳೆಯ ಮಣ್ಣು. ಧಾರವಾಡ, ವಿಜಯಪುರ, ಕಲಬುರಗಿಯ ಎರೆಮಣ್ಣಿನ ಸ್ವಭಾವ ಬೇರೆ. ನೆನೆದಾಗ ಉಬ್ಬಿ, ಒಣಗಿದಾಗ ಬೆರಳು ತೂರುವಷ್ಟು ಬಿರಿಯುತ್ತದೆ. ಪೋಷಕಾಂಶ ಹಿಡಿದಿಡುವುದರಲ್ಲಿ ಅದನ್ನು ಮೀರಿಸುವ ಮಣ್ಣಿಲ್ಲ, ಆದರೆ ಕುಂಡದೊಳಗೆ ಆ ಉಬ್ಬರವಿಳಿತ ಎಳೆಬೇರುಗಳನ್ನು ಹರಿಯುತ್ತದೆ. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. (ಕನ್ನಡದಲ್ಲಿ ಈ ಮಣ್ಣಿಗೂ ಎರೆ, ಮಣ್ಣನ್ನು ಸಡಿಲಗೊಳಿಸುವ ಹುಳುವಿಗೂ ಎರೆ. ಅಂಗಡಿಯಲ್ಲಿ ಎರೆಗೊಬ್ಬರ ಕೇಳಿದರೆ ಸಿಗುವುದು ಹುಳುವಿನದು.) ಕರಾವಳಿಯ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು, ಮಳೆ ಅದರ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗಿರುತ್ತದೆ. ಮಂಗಳೂರಿನವರು ತರಕಾರಿ ಬೆಳೆಯುವಾಗ ಒಂದು ಬಕೆಟ್ ಮಿಶ್ರಣಕ್ಕೆ ಒಂದೆರಡು ಚಮಚ ಡಾಲಮೈಟ್ ಅಥವಾ ಕೃಷಿ ಸುಣ್ಣ ಸೇರಿಸುವುದು ಒಳ್ಳೆಯದು. ಅದೇ ಕೆಲಸವನ್ನು ಕಲಬುರಗಿಯವರು ಮಾಡಬಾರದು, ಅಲ್ಲಿನ ಮಣ್ಣಿನಲ್ಲಿ ಸುಣ್ಣ ಮೊದಲೇ ಸಾಕಷ್ಟಿದೆ.

ಜೇಡಿ ಮಣ್ಣಿಗೆ ಒಂದು ಹಿಡಿ ಮರಳು ಬೆರೆಸಿದರೆ ಸಡಿಲವಾಗುತ್ತದೆ ಎಂಬುದೂ ಅರ್ಧ ಸತ್ಯ. ಜಲ್ಲಿಯ ಸಂದುಗಳಿಗೆ ಸಿಮೆಂಟು ಹರಿದು ತುಂಬಿಕೊಳ್ಳುವಂತೆ ಮರಳಿನ ಸಂದುಗಳಲ್ಲಿ ಜೇಡಿ ತುಂಬಿ ಇನ್ನಷ್ಟು ಗಟ್ಟಿಯಾಗುತ್ತದೆ. ಮರಳು ಕೆಲಸ ಮಾಡಬೇಕಾದರೆ ಅರ್ಧಕ್ಕರ್ಧ ಇರಬೇಕು, ಅದೂ ಒರಟಾಗಿರಬೇಕು. ಈಗ ಕಟ್ಟಡದ ಕೆಲಸಕ್ಕೆ ಸಿಗುವ ಎಂ-ಸ್ಯಾಂಡ್ ಕಲ್ಲು ಪುಡಿಮಾಡಿದ್ದು. ಅದರಲ್ಲಿ ಹಿಟ್ಟಿನಂಥ ಧೂಳೂ ಇರುತ್ತದೆ. ಹಿಟ್ಟಿನ ಜರಡಿಯಲ್ಲಿ ಜಾಲಿಸಿ ಕೆಳಗೆ ಬಿದ್ದುದನ್ನು ಬಿಟ್ಟು ಮೇಲೆ ಉಳಿದುದನ್ನು ತೊಳೆದು ಬಳಸಿ. ಸಮುದ್ರದ ಮರಳಿನ ತಂಟೆಗೆ ಹೋಗಬೇಡಿ.

ಕೊಕೊಪೀಟಿನ ಉಪ್ಪು

ಸುಮಾರು 650 ಗ್ರಾಂ ತೂಗುವ ಕೊಕೊಪೀಟ್ ಇಟ್ಟಿಗೆ ನೀರಿನಲ್ಲಿ ನೆನೆದರೆ ಎಂಟು ಲೀಟರಿನಷ್ಟು ಹಿಗ್ಗುತ್ತದೆ, 5 ಕೆಜಿಯ ದಿಮ್ಮಿ 70 ಲೀಟರಿನ ಆಸುಪಾಸು. ಹಗುರ, ನೀರು ಹಿಡಿಯುತ್ತದೆ, ಒಣಗಿದರೂ ಮತ್ತೆ ಸುಲಭವಾಗಿ ನೆನೆಯುತ್ತದೆ. ಗುಣಗಳು ಇಷ್ಟು ಚೆನ್ನಾಗಿರುವುದರಿಂದ ದೋಷಗಳನ್ನು ಯಾರೂ ಕೇಳುವುದಿಲ್ಲ.

ತೆಂಗಿನ ಸಿಪ್ಪೆಯಲ್ಲೇ ಪೊಟ್ಯಾಸಿಯಂ, ಸೋಡಿಯಂ ಮತ್ತು ಕ್ಲೋರೈಡ್ ಇರುತ್ತವೆ. ತೊಳೆಯದ ಪುಡಿಯಲ್ಲಿ ನೆಟ್ಟ ಎಳೆಸಸಿಯ ಎಲೆಯಂಚು ಸುಟ್ಟಂತಾಗುವುದು ಇದರಿಂದ. ಎರಡು ಮೂರು ಬಾರಿ ನೀರಿನಲ್ಲಿ ನೆನೆಸಿ ಹಿಂಡಿದರೆ ಬಹುಪಾಲು ಉಪ್ಪು ಕಾಫಿ ಬಣ್ಣದ ನೀರಿನ ಜತೆ ಹೋಗುತ್ತದೆ. ಆದರೆ ನಾರಿನ ಕಣಕ್ಕೆ ಅಂಟಿಕೊಂಡ ಸೋಡಿಯಂ ಮತ್ತು ಪೊಟ್ಯಾಸಿಯಂ ಬರೀ ನೀರಿಗೆ ಪೂರ್ತಿ ಜಗ್ಗುವುದಿಲ್ಲ. ಅವು ಅಲ್ಲೇ ಕುಳಿತು, ನಾವು ಹಾಕಿದ ಗೊಬ್ಬರದ ಕ್ಯಾಲ್ಸಿಯಂ ಬಂದಾಗ ಅದಕ್ಕೆ ಜಾಗ ಬಿಟ್ಟುಕೊಡುತ್ತವೆ. ಕ್ಯಾಲ್ಸಿಯಂ ಕಣದ ಪಾಲಾಗುತ್ತದೆ, ಗಿಡದ ಬಾಯಿಗೆ ಉಪ್ಪು ಬೀಳುತ್ತದೆ. ಟೊಮೆಟೊ ಕಾಯಿಯ ಬುಡ ಕಪ್ಪಾಗಿ ಕೊಳೆಯುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ದೊಡ್ಡ ಬೆಳೆಗಾರರು ಅದಕ್ಕೇ ಪುಡಿಯನ್ನು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ಒಂದು ದಿನ ನೆನೆಸಿ, ಹಿಂಡಿ, ತೊಳೆದು ಬಳಸುತ್ತಾರೆ. ಮನೆಯವರು ಉಪ್ಪು ಕಡಿಮೆ ಮಾಡಿ ತೊಳೆದ ಪುಡಿ ಎಂದು ಬರೆದದ್ದನ್ನೇ ಕೊಂಡು, ಮತ್ತೊಮ್ಮೆ ನೆನೆಸಿ ಹಿಂಡಿದರೆ ಸಾಕು.

ಇನ್ನೊಂದು ಸಂಗತಿ: ಕೊಕೊಪೀಟಿನಲ್ಲಿ ಆಹಾರ ಎನ್ನುವಂಥದ್ದು ಹೆಚ್ಚೇನೂ ಇಲ್ಲ, ಸಾರಜನಕವಂತೂ ಅತಿ ಕಡಿಮೆ. ಹಸಿ ಪುಡಿಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಗಿಡದ ತಟ್ಟೆಯಿಂದಲೇ ಎತ್ತಿಕೊಳ್ಳುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಹೆಸರಿನಲ್ಲಿ ಹುದುಗಿಸಿದ ಕೊಕೊಪೀಟಿನ ತಂತ್ರವನ್ನು ರೂಪಿಸಿದೆ. ಬರೀ ಕೊಕೊಪೀಟಿನಲ್ಲಿ ಗಿಡ ನೆಟ್ಟು ವಾರಕ್ಕೊಮ್ಮೆ ದ್ರವ ಗೊಬ್ಬರ ಕೊಡುವ ಶಿಸ್ತು ನಿಮಗಿದ್ದರೆ ಅದೂ ಒಂದು ಮಾರ್ಗ. ನನಗೆ ಆ ಶಿಸ್ತಿಲ್ಲ, ಆದ್ದರಿಂದ ಮಣ್ಣು ಬಿಟ್ಟವನಲ್ಲ. ಮರೆತ ವಾರಗಳಲ್ಲಿ ಗಿಡವನ್ನು ಕಾಯುವುದು ಜೇಡಿಯೇ.

ಗೊಬ್ಬರದ ಪಾಲು

ಎರೆಗೊಬ್ಬರವಾಗಲಿ, ಕೊಟ್ಟಿಗೆ ಗೊಬ್ಬರವಾಗಲಿ, ಮನೆಯ ಕಾಂಪೋಸ್ಟ್ ಆಗಲಿ, ಪೂರ್ತಿ ಕಳಿತಿರಬೇಕು. ಕಳಿತ ಗೊಬ್ಬರಕ್ಕೆ ಮೊದಲ ಮಳೆಯ ನೆಲದ ವಾಸನೆ. ಮೂಗಿಗೆ ಘಾಟು ಹೊಡೆದರೆ, ಹುಳಿ ನಾತ ಬಂದರೆ, ಮುಷ್ಟಿಯಲ್ಲಿ ಬೆಚ್ಚಗೆನಿಸಿದರೆ ಇನ್ನೂ ಕಾಯಬೇಕು. ಅನುಮಾನವಿದ್ದರೆ ಒಂದು ಲೋಟದಲ್ಲಿ ಆ ಗೊಬ್ಬರಕ್ಕೆ ಅಷ್ಟೇ ಮಣ್ಣು ಬೆರೆಸಿ, ಇನ್ನೊಂದರಲ್ಲಿ ಬರೀ ಮಣ್ಣು ಹಾಕಿ, ಎರಡರಲ್ಲೂ ಹತ್ತು ಹತ್ತು ಸಾಸಿವೆ ಕಾಳು ಬಿತ್ತಿ. ವಾರದಲ್ಲಿ ಉತ್ತರ ಸಿಗುತ್ತದೆ. ಅರೆಬೆಂದ ತಿಪ್ಪೆ ಗೊಬ್ಬರದ ಜತೆ ಉಚಿತವಾಗಿ ಬರುವುದು ಗೊಣ್ಣೆಹುಳು. ಬಿಳಿಯಾಗಿ, ದಪ್ಪಗೆ, ಬಿಲ್ಲಿನಂತೆ ಬಾಗಿ ಮಲಗಿರುತ್ತದೆ. ಸುರಿದು ಹರಡಿ, ಆರಿಸಿ ಎಸೆಯಿರಿ, ಬೇರು ಅದರ ಊಟ. ಸಗಣಿ, ಮಣ್ಣು ಮುಟ್ಟುವ ಕೆಲಸಕ್ಕೆ ಕೈಗವಸು ಹಾಕಿಕೊಳ್ಳುವುದು ನಾಜೂಕಿಗಲ್ಲ. ಧನುರ್ವಾಯುವಿನ ಬ್ಯಾಕ್ಟೀರಿಯಾ ಇರುವುದು ಅಲ್ಲೇ.

ಗೊಬ್ಬರ ಹೆಚ್ಚಾದಷ್ಟೂ ಒಳ್ಳೆಯದು ಎನ್ನುವವರಿಗೆ ಒಂದು ಮಾತು. ಎರೆಗೊಬ್ಬರ ನಯವಾದ ಕಣಗಳದ್ದು, ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ಮೂರನೆಯ ಒಂದು ಪಾಲು ದಾಟಿದರೆ ಕುಂಡ ಮತ್ತೆ ಕೆಸರಾಗುತ್ತದೆ. ನನ್ನ ಮಲ್ಲಿಗೆಯ ಕಥೆ ಇದೇ.

ಇನ್ನು ಗಾಳಿ ತರುವವರು. ಪರ್ಲೈಟ್ ಎಂದರೆ ಜ್ವಾಲಾಮುಖಿಯ ಗಾಜು. 850 ಡಿಗ್ರಿ ದಾಟಿ ಕಾಯಿಸಿದಾಗ ಒಳಗಿನ ನೀರು ಆವಿಯಾಗಿ ಮಂಡಕ್ಕಿಯಂತೆ ಅರಳಿದ್ದು. ಕೆಲಸಕ್ಕೆ ಚೆನ್ನ, ಬೆಲೆಗೆ ಭಾರ. ಅಕ್ಕಿ ಗಿರಣಿಯ ಹತ್ತಿರ ಇರುವವರಿಗೆ ಅರೆಸುಟ್ಟು ಕಪ್ಪಾದ ಭತ್ತದ ಹೊಟ್ಟು ಅದೇ ಕೆಲಸವನ್ನು ಮಾಡಿಕೊಡುತ್ತದೆ. ಪೂರ್ತಿ ಸುಟ್ಟ ಬಿಳಿ ಬೂದಿ ಬೇಡ, ಅದು ಸಂದು ಮುಚ್ಚುತ್ತದೆ. ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು, ಇದ್ದಿಲು, ತೆಂಗಿನ ಸಿಪ್ಪೆಯ ತುಂಡು ಎಲ್ಲವೂ ನಡೆಯುತ್ತವೆ. ಮಲೆನಾಡಿನವರಿಗೆ ಕಾಡಿನಂಚಿನ ಅರೆಕೊಳೆತ ದರಗು ಇರುವಾಗ ಇದಾವುದೂ ಬೇಡ.

ಕಲೆಸುವುದು

ಅಳತೆ ತೂಕದ್ದಲ್ಲ, ಗಾತ್ರದ್ದು. ಒಂದೇ ಬಕೆಟಿನಲ್ಲಿ ಎಲ್ಲವನ್ನೂ ಅಳೆಯಬೇಕು. ಬೆಂಗಳೂರಿನ ತಾರಸಿಯ ಟೊಮೆಟೊ, ಬದನೆ, ಮೆಣಸಿನಗಿಡ, ದಾಸವಾಳಕ್ಕೆ ನಾನು ಹಾಕುವುದು ಒಂದು ಬಕೆಟ್ ಕೆಮ್ಮಣ್ಣು, ಒಂದು ಬಕೆಟ್ ನೆನೆಸಿ ಹಿಂಡಿದ ಕೊಕೊಪೀಟ್, ಒಂದು ಬಕೆಟ್ ಗೊಬ್ಬರ, ಅರ್ಧ ಬಕೆಟ್ ಕಪ್ಪು ಹೊಟ್ಟು, ಎರಡು ಹಿಡಿ ಬೇವಿನ ಹಿಂಡಿ. ಕಲೆಸಿದ ಮೇಲೆ ಒಂದು ಹಿಡಿ ತೆಗೆದು ಮುಷ್ಟಿ ಬಿಗಿದು ನೋಡಿ. ಉಂಡೆ ಕಟ್ಟಬೇಕು, ನೀರು ಸೋರಬಾರದು, ಬೆರಳಿನಿಂದ ತಟ್ಟಿದರೆ ಉದುರಬೇಕು. ತಂಬಿಟ್ಟಿನ ಹದ ಗೊತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಇದನ್ನು ಎಲ್ಲರೂ ಎಲ್ಲ ಕಡೆ ಹೀಗೆಯೇ ಮಾಡಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಸುರಿಯುವ ಉಡುಪಿಯಲ್ಲಿ ಕೊಕೊಪೀಟನ್ನು ಅರ್ಧಕ್ಕಿಳಿಸಿ, ಸಿಪ್ಪೆಯ ತುಂಡು, ಇಟ್ಟಿಗೆ ಚೂರನ್ನು ಒಂದು ಪಾಲಿಗೆ ಏರಿಸಬೇಕು. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ರಾಯಚೂರಿನಲ್ಲಿ ಚಿಂತೆ ನೀರು ಉಳಿಸುವುದು. ಅಲ್ಲಿ ಕೊಕೊಪೀಟ್ ಹೆಚ್ಚಿರಲಿ, ಮೇಲೆ ಎರಡು ಅಂಗುಲ ಒಣ ಎಲೆಯ ಹೊದಿಕೆ ಇರಲಿ. ಬೀಜ ಮೊಳೆಸುವುದಕ್ಕೆ ಮಣ್ಣೇ ಬೇಡ. ಜಾಲಿಸಿದ ಕೊಕೊಪೀಟ್ ಮೂರು ಪಾಲು, ಎರೆಗೊಬ್ಬರ ಒಂದು ಪಾಲು. ಲೋಳೆಸರ, ಕಳ್ಳಿ ಜಾತಿಗೆ ಅರ್ಧದಷ್ಟು ಇಟ್ಟಿಗೆ ಚೂರು ಮತ್ತು ಒರಟು ಮರಳು. ಸೀತಾಳೆಯಂಥ ಮರದ ಮೇಲೆ ಬಾಳುವ ಗಿಡಕ್ಕೆ ಮಣ್ಣು ಹಾಕುವುದು ಅದನ್ನು ಹೂಳಿದಂತೆ. ಇದ್ದಿಲು, ಸಿಪ್ಪೆಯ ತುಂಡು ಸಾಕು.

ಮಿಶ್ರಣದಲ್ಲಿ ಗಾಳಿ ಎಷ್ಟಿದೆ ಎಂದು ಅಳೆಯಲೂಬಹುದು. ತಳಕ್ಕೆ ನಾಲ್ಕಾರು ತೂತು ಮಾಡಿದ ಒಂದು ಲೀಟರಿನ ಡಬ್ಬಿಯ ತೂತುಗಳನ್ನು ಟೇಪಿನಿಂದ ಮುಚ್ಚಿ, ಮಿಶ್ರಣವನ್ನು ಕುಂಡಕ್ಕೆ ತುಂಬಿದಂತೆಯೇ ತಟ್ಟಿ ತುಂಬಿ. ನೀರು ಮೇಲ್ಮಟ್ಟಕ್ಕೆ ನಿಲ್ಲುವ ತನಕ ನಿಧಾನವಾಗಿ ಹಾಕಿ, ಅರ್ಧ ಗಂಟೆ ಬಿಟ್ಟು ಇಳಿದಷ್ಟನ್ನು ಮತ್ತೆ ತುಂಬಿ. ಆಮೇಲೆ ಟೇಪು ಕಿತ್ತು, ಸುರಿಯುವ ನೀರನ್ನು ಹಿಡಿದು ಅಳೆಯಿರಿ. 100ರಿಂದ 200 ಮಿಲಿಲೀಟರ್ ಬಂದರೆ, ಅಂದರೆ ಶೇಕಡಾ 10ರಿಂದ 20, ಬಹುತೇಕ ಗಿಡಗಳಿಗೆ ಅದು ಸರಿ. 50ಕ್ಕಿಂತ ಕಡಿಮೆಯಾದರೆ ಹೊಟ್ಟೋ ಚೂರೋ ಇನ್ನಷ್ಟು ಬೇಕು. ನನ್ನ ಊರಿನ ಮಣ್ಣನ್ನು ಹೀಗೆ ಅಳೆದಾಗ ಬಂದದ್ದು ಒಂದು ಕಾಫಿ ಲೋಟದ ತಳ ಮುಚ್ಚುವಷ್ಟು.

ಅಂಗಡಿಯ ಸಿದ್ಧ ಮಿಶ್ರಣ ಕೊಳ್ಳುವವರು ಕೆಜಿಯ ಬೆಲೆಗೆ ಮರುಳಾಗಬಾರದು. ಒದ್ದೆಯ ಚೀಲದಲ್ಲಿ ನೀವು ಕೊಳ್ಳುವುದರಲ್ಲಿ ನೀರೂ ಸೇರಿರುತ್ತದೆ. ಎಷ್ಟು ಲೀಟರ್ ಎಂದು ಕೇಳಿ. ತೂಕ ಇನ್ನೊಂದು ಕಾರಣಕ್ಕೂ ಮುಖ್ಯ. 15 ಲೀಟರ್ ಹಿಡಿಯುವ ಕುಂಡದಲ್ಲಿ ನೆನೆದ ಬರೀ ಮಣ್ಣು 25 ಕೆಜಿ ದಾಟುತ್ತದೆ, ಮೇಲಿನ ಮಿಶ್ರಣ ಅದಕ್ಕಿಂತ ಎಷ್ಟೋ ಹಗುರ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದಲ್ಲಿ ಹಿಡಿದಿರುವ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ. ಹಳೆಯ ಮನೆಯಾದರೆ ಕುಂಡಗಳನ್ನು ನಡುವೆ ಗುಂಪು ಮಾಡದೆ ಗೋಡೆ, ತೊಲೆಗಳ ನೆತ್ತಿಯ ಮೇಲೆ ಸಾಲಾಗಿ ಇಡಿ.

ನರ್ಸರಿಯಿಂದ ತಂದ ಗಿಡದ ಬೇರುಂಡೆ ಎಷ್ಟೋ ಸಲ ಜಿಗುಟು ಜೇಡಿಯದಾಗಿರುತ್ತದೆ. ಅದನ್ನು ಹಾಗೆಯೇ ಸಡಿಲ ಮಿಶ್ರಣದ ನಡುವೆ ಇಟ್ಟರೆ ಸುತ್ತಲಿನದು ಒದ್ದೆ, ಉಂಡೆಯ ಒಳಗೆ ಒಣ ಕಲ್ಲು. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಜೇಡಿಯನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ ನೆಡಿ. ನೆಟ್ಟ ಹೊಸತರಲ್ಲಿ ಕುಂಡದ ಮೇಲೆ ಸಣ್ಣ ಕಪ್ಪು ನೊಣಗಳು ಆಡಿದರೆ ಮೇಲ್ಪದರ ಸದಾ ಒದ್ದೆಯಾಗಿದೆ ಎಂದರ್ಥ. ಒಂದು ಅಂಗುಲ ಒಣಗಲು ಬಿಡಿ. ಅಣಬೆ ಮೂಡಿದರೆ ಗಾಬರಿ ಬೇಡ. ಕೊಳವೆ ಬಾವಿಯ ಗಡಸು ನೀರು ಹಾಕುವವರ ಕುಂಡದಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಮಣ್ಣು ಕ್ರಮೇಣ ಕ್ಷಾರವಾಗಿ ಹೊಸ ಎಲೆಗಳು ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಕರಗಿ ಸಿಗುತ್ತಿಲ್ಲ. ಮಳೆನೀರು ಹಿಡಿದು ಹಾಕುವುದು ಅತಿ ಅಗ್ಗದ ಮದ್ದು.

ಎಷ್ಟು ಚೆನ್ನಾಗಿ ಕಲೆಸಿದರೂ ವರ್ಷದೊಳಗೆ ಕುಂಡದ ಮಣ್ಣು ಎರಡು ಮೂರು ಅಂಗುಲ ಇಳಿಯುತ್ತದೆ. ಗೊಬ್ಬರ, ನಾರು ಕೊಳೆತು ಕಣ ಸಣ್ಣದಾಗಿ, ಗಾಳಿಯ ಸಂದು ಮುಚ್ಚುತ್ತ ಬಂದಿರುತ್ತದೆ. ಮೊದಲ ವರ್ಷ ಚೆನ್ನಾಗಿದ್ದ ಗಿಡ ಎರಡನೆಯ ಮಳೆಗಾಲದಲ್ಲಿ ಸೊರಗುವುದು ಹೀಗೆ. ಮೇಲೆ ಗೊಬ್ಬರ ಸುರಿದರೆ ಇಳಿದ ಮಟ್ಟವೇನೋ ತುಂಬೀತು, ಕೆಳಗಿನ ಗಾಳಿ ಮರಳುವುದಿಲ್ಲ. ಹಳೆಯ ಮಣ್ಣನ್ನು ಎಸೆಯುವುದೂ ಬೇಡ. ಏಪ್ರಿಲ್‌ನಲ್ಲಿ ಕುಂಡಗಳನ್ನು ತಾರಸಿಯ ಮೇಲೆ ಮಗುಚಿ, ಬೇರು ಆರಿಸಿ, ಮಣ್ಣನ್ನು ತುಸು ನೆನೆಸಿ ಅರ್ಧ ಅಡಿಗಿಂತ ದಪ್ಪವಾಗದಂತೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಇಟ್ಟಿಗೆ ಹೇರುತ್ತೇನೆ. ಕಪ್ಪು ಹಾಳೆಗಿಂತ ಇದರಡಿ ಮಣ್ಣು ಹೆಚ್ಚು ಕಾಯುತ್ತದೆ. ನಾಲ್ಕರಿಂದ ಆರು ವಾರದ ಬಿಸಿಲಿಗೆ ರೋಗದ ಶಿಲೀಂಧ್ರಗಳೂ ಕಳೆಯ ಬೀಜಗಳೂ ಬಹುಮಟ್ಟಿಗೆ ಸಾಯುತ್ತವೆ. ಜೂನಿನ ಮೊದಲ ಮಳೆಗೆ ಹಾಳೆ ತೆಗೆದು, ಎರಡು ಪಾಲು ಹಳೆಯ ಮಣ್ಣಿಗೆ ಒಂದು ಪಾಲು ಹೊಸ ಗೊಬ್ಬರ, ಅರ್ಧ ಪಾಲು ಹೊಟ್ಟು ಸೇರಿಸಿ ಮತ್ತೆ ತುಂಬುತ್ತೇನೆ. ಟೊಮೆಟೊ ಬೆಳೆದಿದ್ದ ಮಣ್ಣಿಗೆ ಈ ಸಲ ಬದನೆ, ಮೆಣಸು ಹಾಕುವುದಿಲ್ಲ, ಮೂರಕ್ಕೂ ಬಾಧಿಸುವ ರೋಗಗಳು ಒಂದೇ. ಆ ಕುಂಡಗಳಿಗೆ ಹುರುಳಿ ಅಥವಾ ಮೆಂತ್ಯ ಬೀಳುತ್ತದೆ.